ಬೆನ್ನಿನ ಮೇಲಿನ ಐದು ಗೆರೆ

ಹುಡುಗನೊಬ್ಬ ಹದಿನೈದಕ್ಕೆ ಕಾಲಿಟ್ಟನೆಂದು ಮೊದಲು ತಿಳಿಯುವುದು ಮನೆಯ ಬ್ರೆಡ್ಡಿನ ಡಬ್ಬಕ್ಕೆ. ಬೇಕರಿಯ ಕೌಂಟರಿನಲ್ಲಿ ಕೆಲಸ ಮಾಡುವ ಅಮ್ಮ ಸಂಜೆ ಬರುವಾಗ ಎರಡು ದೊಡ್ಡ ಬ್ರೆಡ್ಡು ತಂದಿಟ್ಟರೆ, ಬೆಳಗಿನ ಹೊತ್ತಿಗೆ ಡಬ್ಬದಲ್ಲಿ ತುದಿಯ ಎರಡು ಚೂರು ಮಾತ್ರ ಉಳಿದಿರುತ್ತಿದ್ದವು. ಆಮೇಲೆ ತಿಳಿದದ್ದು ಅಜ್ಜನಿಗೆ. ಅಜ್ಜ ಟೇಲರ್, ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಒಂದು ವರ್ಷದಲ್ಲಿ ಮೊಮ್ಮಗನ ಶಾಲೆಯ ಪ್ಯಾಂಟಿನ ಕೆಳಮಡಿಕೆಯನ್ನು ಮೂರು ಸಲ ಬಿಚ್ಚಿ ಇಳಿಸಿದ್ದ. ನಾಲ್ಕನೆಯ ಸಲ ಇಳಿಸೋಣವೆಂದರೆ ಒಳಗೆ ಬಟ್ಟೆಯೇ ಇರಲಿಲ್ಲ.

"ಇನ್ನು ಇವನಿಗೆ ಪ್ಯಾಂಟ್ ಹೊಲಿಯೋದು ಬಿಟ್ಟು ಕಿಟಕಿ ಪರದೆ ಹೊಲೀಬೇಕು," ಅಂದ ಅಜ್ಜ.

"ನಿಮ್ಮ ಮೊಮ್ಮಗ ಏಣಿ ಆಗ್ತಿದಾನೆ. ಒಳ್ಳೇದೇ ಆಯ್ತು, ಅಟ್ಟದ ಮೇಲಿನ ಪಾತ್ರೆ ಇಳಿಸೋಕೆ ಇನ್ನು ಯಾರನ್ನೂ ಕರೀಬೇಕಾಗಿಲ್ಲ," ಅಂದಳು ಮೂಲೆಯಲ್ಲಿ ಕೂತು ಶರ್ಟಿನ ಗುಂಡಿತೂತಿಗೆ ಕಾಜ ಹಾಕುತ್ತಿದ್ದ ಅಜ್ಜಿ. ಅಂದಿನಿಂದ ಅವನಿಗೆ ಏಣಿ ಎಂಬ ಹೆಸರೇ ನಿಂತಿತು.

ಏಣಿ ಶಾಲೆ ಬಿಟ್ಟು ಬಂದವನೇ ಬ್ಯಾಗನ್ನು ಎಲ್ಲೋ ಎಸೆದು ಅಂಗಡಿಗೆ ಹೋಗುತ್ತಿದ್ದ. ಇಸ್ತ್ರಿ ಅವನ ಕೆಲಸ. ಗಿರಾಕಿಗಳು ಬಂದರೆ ಅಜ್ಜ ಟೇಪು ಹಿಡಿದು ಕೂಗಿದ ಅಳತೆಯನ್ನು ಪುಸ್ತಕದಲ್ಲಿ ಬರೆಯುವುದೂ ಅವನೇ. ಅಜ್ಜನಿಗೆ ಕಣ್ಣು ಸ್ವಲ್ಪ ಮಂಜು, ಏಣಿಗೆ ಅಳತೆ ಎಂದರೆ ಹುಚ್ಚು. ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿತ್ತು. ಬಸ್ ಡ್ರೈವರ್ ಆಗಿದ್ದ ಅಪ್ಪನಿಗೆ ಇದು ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಅವನು ಅಂಗಡಿಯ ಕೋಣೆಯನ್ನು ದಾಟಿ ಒಳಗೆ ಬರುತ್ತಿದ್ದನೇ ಹೊರತು ಅಲ್ಲಿ ನಿಲ್ಲುತ್ತಿರಲಿಲ್ಲ. ತನ್ನ ಅಪ್ಪನ ಜೊತೆ ಅವನ ಮಾತು "ಕರೆಂಟ್ ಹೋಗಿದೆ", "ಕರೆಂಟ್ ಬಂತು" ಎಂಬಷ್ಟಕ್ಕೇ ಮುಗಿಯುತ್ತಿತ್ತು. ಯಾಕೆ ಹೀಗೆ ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಗೆರೆಗಳನ್ನು ಮೊದಲು ನೋಡಿದ್ದು ಶಾಲೆಯ ಪಿ.ಟಿ. ಮೇಷ್ಟ್ರು. ವಾಲಿಬಾಲ್ ಆಡುವಾಗ ಏಣಿ ನೆಟ್ಟಿನ ಹತ್ತಿರ ನೆಗೆದ, ಗಿಡ್ಡವಾಗಿದ್ದ ಬನಿಯನ್ ಮೇಲಕ್ಕೆ ಹೋಯಿತು. ಸೊಂಟದ ಮೇಲೆ, ಬೆನ್ನಿಗೆ ಅಡ್ಡಲಾಗಿ, ಒಂದರ ಮೇಲೊಂದು ಐದು ಕೆಂಪು ಗೆರೆ. ಮೇಷ್ಟ್ರು ಸೀಟಿ ಊದಿ ಆಟ ನಿಲ್ಲಿಸಿ, ಹುಡುಗನನ್ನು ಪಕ್ಕಕ್ಕೆ ಕರೆದರು.

"ಯಾರು ಹೊಡೆದದ್ದು?"

"ಎಲ್ಲಿಗೆ ಸಾರ್?"

"ಬೆನ್ನಿಗೆ."

"ಯಾರ ಬೆನ್ನಿಗೆ ಸಾರ್?"

ಪಾಪ, ಅವನಿಗೇನು ಗೊತ್ತು, ತನ್ನ ಬೆನ್ನು ತನಗೆ ಕಾಣುವುದಿಲ್ಲ. ಮೇಷ್ಟ್ರಿಗೆ ಮಾತ್ರ ಹುಡುಗ ಏನನ್ನೋ ಮುಚ್ಚಿಡುತ್ತಿದ್ದಾನೆ ಅನ್ನಿಸಿತು. ತಂದೆ ತಾಯಿ ಬಂದು ಕಾಣಬೇಕೆಂದು ಚೀಟಿ ಬರೆದುಕೊಟ್ಟರು.

ಅಮ್ಮ ಚೀಟಿ ಓದಿ, ಅಡಿಗೆಮನೆಯಲ್ಲೇ ಮಗನ ಶರ್ಟು ಎತ್ತಿದಳು. ಹತ್ತು ವರ್ಷದ ತಂಗಿ ಹಿಂದಿನಿಂದ ಇಣುಕಿದಳು. ಈ ಮನೆಯಲ್ಲಿ ಅವಳನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು, ಕಾರಣ ಹೇಳಬೇಕಾಗಿಲ್ಲ.

"ಐದು," ಎಂದು ಎಣಿಸಿ ಅಂಗಡಿಗೆ ಓಡಿದಳು ರೇಡಿಯೋ. "ಅಜ್ಜಾ, ಅಣ್ಣನ ಬೆನ್ನ ಮೇಲೆ ಐದು ಗೆರೆ ಇದೆ, ರೂಲು ಹಾಕಿದ ಪುಸ್ತಕದ ಥರ."

ಅಜ್ಜ ಕನ್ನಡಕ ಹಾಕಿಕೊಂಡು ಬಂದ. ಬಂದವನು ಅಭ್ಯಾಸಬಲದಿಂದ ಕುತ್ತಿಗೆಯಲ್ಲಿದ್ದ ಟೇಪನ್ನು ತೆಗೆದು ಗೆರೆಗಳನ್ನೂ ಅಳೆದ. "ಮಧ್ಯದ್ದು ನಾಲ್ಕೂಕಾಲು ಇಂಚು. ನಡುವೆ ಅರ್ಧರ್ಧ ಇಂಚು ಜಾಗ."

"ಮಾವ, ಅಳತೆ ಯಾರು ಕೇಳಿದ್ರು? ಪ್ಯಾಂಟಿನ ಪಟ್ಟಿ ಬಿಗಿಯಾಯ್ತಾ ನೋಡಿ," ಅಂದಳು ಅಮ್ಮ.

ಅಜ್ಜ ಪಟ್ಟಿಯೊಳಗೆ ಬೆರಳು ತೂರಿಸಿದ. "ಮೂರು ಬೆರಳು ಹೋಗುತ್ತೆ. ಇವನು ಅಗಲ ಆಗ್ತಿಲ್ಲಮ್ಮ, ಬರೀ ಉದ್ದ."

ಅಜ್ಜಿ ಶಾಲೆಯ ಬ್ಯಾಗಿನ ಮೇಲೆ ತಪ್ಪು ಹೊರಿಸಿದಳು. ರೇಡಿಯೋ, ಅಣ್ಣ ಮಲಗುವ ಮಂಚದ ಪಟ್ಟಿಗಳ ಗುರುತಿರಬೇಕೆಂದು ಮಂಚದ ಕೆಳಗೆ ನುಗ್ಗಿ, ಕಳೆದುಹೋಗಿದ್ದ ಒಂದು ಚಪ್ಪಲಿ ಹಿಡಿದು ಹೊರಗೆ ಬಂದಳು. ಏಣಿ ಇಷ್ಟು ಹೊತ್ತೂ ಶರ್ಟು ಎತ್ತಿಕೊಂಡೇ ನಿಂತಿದ್ದ. "ನೋಡಿ ಮುಗೀತಾ? ನಂಗೆ ಹಸಿವು," ಅಂದ.

ಅಷ್ಟರಲ್ಲಿ ಅಪ್ಪ ಡ್ಯೂಟಿ ಮುಗಿಸಿ ಬಂದ. ಅವನ ಕಣ್ಣು ಮಗನ ಬೆನ್ನಿನ ಮೇಲೆ ಬಿತ್ತು, ಅಲ್ಲಿಂದ ಕದಲಲಿಲ್ಲ. ಊಟದ ಡಬ್ಬಿ ಕೈಯಲ್ಲೇ ಇತ್ತು. ಚೀಟಿ ಓದಿದ, ಮಡಿಚಿ ಜೇಬಿಗೆ ಹಾಕಿಕೊಂಡ, ಅಜ್ಜನ ಕಡೆ ತಿರುಗಿದ.

"ಇನ್ನೂ ಬಿಟ್ಟಿಲ್ವಾ ನೀವು?"

ಅಜ್ಜನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಟೇಪು ಕೈಯಿಂದ ಜಾರಿತು. "ಇವನಿಗೆ ನಾನು ಹೊಡೆದಿಲ್ಲ."

"ನನಗೂ ಹೊಡೆದಿಲ್ಲ ಅಂತೀರಾ?"

ಅಜ್ಜ ಬಗ್ಗಿ ಟೇಪು ಎತ್ತಿಕೊಂಡ. ಅಜ್ಜಿಯೇ ಮಾತಾಡಿದಳು. "ಮೂವತ್ತು ವರ್ಷದ ಹಿಂದಿನ ಮಾತನ್ನ ಇವತ್ತು ತೆಗೀತೀಯಲ್ಲೋ. ಒಂದೇ ಒಂದು ಸಲ. ಆ ಅಳತೆಕೋಲನ್ನ ಆವತ್ತೇ ಒಲೆಗೆ ಹಾಕಿದ್ರು. ಆಮೇಲೆ ಈ ಅಂಗಡಿಗೆ ಕೋಲು ಅನ್ನೋದೇ ಬಂದಿಲ್ಲ."

"ಗೆರೆ ಹೋಗಿದೆಯಾ ಅಮ್ಮ? ಇನ್ನೂ ಇದೆ ನನ್ನ ಬೆನ್ನ ಮೇಲೆ. ಇವಳನ್ನ ಕೇಳು."

ಅಮ್ಮ ತಲೆ ತಗ್ಗಿಸಿದಳು. ಮದುವೆಯಾದ ಹೊಸದರಲ್ಲೇ ಅವಳು ಆ ಗೆರೆಗಳನ್ನು ನೋಡಿದ್ದಳು, ಕಥೆಯನ್ನೂ ಕೇಳಿದ್ದಳು. ಹದಿನಾಲ್ಕನೇ ವಯಸ್ಸಿನಲ್ಲಿ ಅಪ್ಪ ಗಿರಾಕಿಯೊಬ್ಬನ ಹೊಸ ಕೋಟಿನ ಮೇಲೆ ಇಸ್ತ್ರಿ ಪೆಟ್ಟಿಗೆ ಮರೆತು ಸುಟ್ಟಿದ್ದ. ಅಜ್ಜ ಸಿಟ್ಟಿನಲ್ಲಿ ಕೋಲು ಎತ್ತಿದ್ದ. ಆ ಮೇಲೆ ಅಪ್ಪ ಹೊಲಿಗೆ ಕಲಿಯಲಿಲ್ಲ, ಡ್ರೈವಿಂಗ್ ಕಲಿತ.

"ಅಪ್ಪಾ, ನನಗೆ ಯಾರೂ ಹೊಡೆದಿಲ್ಲ," ಅಂದ ಏಣಿ.

"ಹೆದರ್ಕೋಬೇಡ, ಹೇಳು."

"ಹೊಡೆಸ್ಕೊಂಡೋನಿಗೆ ಗೊತ್ತಾಗಲ್ವಾ? ಐದು ಏಟು ತಿಂದು ಮರೆಯೋಕೆ ನಾನೇನು ಎಮ್ಮೆನಾ?"

"ಇನ್ನೊಂದು ಮಾತು," ಅಂದಳು ಅಜ್ಜಿ. "ಇವನ ಎತ್ತರ ನೋಡು, ಇವರ ಎತ್ತರ ನೋಡು. ಹೊಡೀಬೇಕಿದ್ರೆ ಸ್ಟೂಲ್ ಹಾಕ್ಕೋಬೇಕಿತ್ತು."

ರೇಡಿಯೋ ಕಿಸಕ್ಕೆಂದಳು. ಅಪ್ಪ ನಗಲಿಲ್ಲ. ನಾಳೆಯಿಂದ ಹುಡುಗ ಅಂಗಡಿಗೆ ಕಾಲಿಡಕೂಡದು ಎಂದು ಹೇಳಿ ಕೈಕಾಲು ತೊಳೆಯಲು ಹೋದ.

ಮಾರನೆಯ ದಿನ ಗಂಡ ಹೆಂಡತಿ ಶಾಲೆಗೆ ಹೋಗಿ ಬಂದರು. ಮೇಷ್ಟ್ರು ಒಳ್ಳೆಯವರೇ, ಆದರೆ ಬಿಡುವವರಲ್ಲ. ತಿಂಗಳೊಳಗೆ ಡಾಕ್ಟರ ಪತ್ರ ತಂದುಕೊಡಬೇಕು, ಇಲ್ಲದಿದ್ದರೆ ಹೆಡ್‌ಮಿಸ್‌ಗೆ ತಿಳಿಸಬೇಕಾಗುತ್ತದೆ ಎಂದರು. ಅಪ್ಪನಿಗೆ ಡಾಕ್ಟರ ಹತ್ತಿರ ಹೋಗಲು ಮನಸ್ಸಿರಲಿಲ್ಲ. ಏನೆಂದು ಹೇಳುವುದು, ನನ್ನಪ್ಪ ಹೊಡೆದ ಎಂದು ಹೇಳುವುದೇ? ಇವತ್ತು ರಜೆ ಇಲ್ಲ, ನಾಳೆ ಡಬಲ್ ಡ್ಯೂಟಿ ಎಂದು ದಿನ ದೂಡಿದ. ಅಮ್ಮ ಸುಮ್ಮನಿರಲಾರದೆ ಔಷಧಿ ಅಂಗಡಿಗೆ ಹೋಗಿ, "ಚರ್ಮದ ಮೇಲೆ ಕೆಂಪು ಗೆರೆ" ಎಂದು ಹೇಳಿ ಒಂದು ಮುಲಾಮಿನ ಟ್ಯೂಬು ತಂದಳು. ದಿನಾ ಸಂಜೆ ಮಗನನ್ನು ಬೋರಲು ಮಲಗಿಸಿ ಹಚ್ಚತೊಡಗಿದಳು.

ಮನೆ ಎರಡು ಪಾಲಾಯಿತು. ಅಪ್ಪ ಒಳಗೆ ಊಟಕ್ಕೆ ಕೂತರೆ ಅಜ್ಜ ಹೊರಗೆ ಮಷಿನ್ನು ತುಳಿಯುತ್ತಿದ್ದ. ಅಪ್ಪ ಎದ್ದು ಕೈ ತೊಳೆದ ಮೇಲೆ ಅಜ್ಜ ಬರುತ್ತಿದ್ದ. ಅಷ್ಟು ಹೊತ್ತಿಗೆ ಮೊಟ್ಟೆ ಆರಿ ತಣ್ಣಗಾಗಿರುತ್ತಿತ್ತು, ಆಲೂಗಡ್ಡೆ ಏಣಿಯ ಹೊಟ್ಟೆಯಲ್ಲಿರುತ್ತಿತ್ತು. ಎರಡೆರಡು ಸಲ ಬಡಿಸಿ ಬಡಿಸಿ ಅಮ್ಮನಿಗೆ ರೇಗಿಹೋಯಿತು.

"ಇದೇನು ಮನೆನಾ, ಎರಡು ಶಿಫ್ಟಿನ ಫ್ಯಾಕ್ಟರಿನಾ ಅತ್ತೆ?"

"ಸೈರನ್ ಒಂದು ಕಮ್ಮಿ," ಅಂದಳು ಅಜ್ಜಿ. "ಅದಕ್ಕೆ ರೇಡಿಯೋ ಇದಾಳೆ ಬಿಡು."

ಏಣಿಗೆ ಅಂಗಡಿಯ ಹೊಸ್ತಿಲು ದಾಟುವಂತಿರಲಿಲ್ಲ, ಆದರೆ ಹೊಸ್ತಿಲ ಮೇಲೆ ಕೂರಬಾರದೆಂದು ಯಾರೂ ಹೇಳಿರಲಿಲ್ಲ. ಅಲ್ಲೇ ಕಾಲು ಚಾಚಿ ಕೂತು ಅಜ್ಜ ಕೂಗಿದ ಅಳತೆಗಳನ್ನು ಬರೆದುಕೊಳ್ಳುತ್ತಿದ್ದ. ಗಿರಾಕಿಗಳು ಅವನ ಕಾಲು ದಾಟಿ ಒಳಗೆ ಬರುತ್ತಿದ್ದರು. ಇಸ್ತ್ರಿ ಮಾಡಲು ಆಗದ್ದಕ್ಕೆ ಅವನಿಗೆ ಕೈ ಕಡಿಯುತ್ತಿತ್ತು. ಅಜ್ಜನ ಇಸ್ತ್ರಿ ನೋಡಿ ಗಿರಾಕಿಯೊಬ್ಬಳು, "ಏನಜ್ಜಾ, ಈ ಸಲ ತೋಳಿಗೆ ಎರಡು ಗೀಟು ಬಿದ್ದಿದೆ," ಎಂದು ನಕ್ಕು ಹೋದಳು.

ಎರಡನೆಯ ವಾರ ಅಜ್ಜ ಮದುವೆಯಾಗಿ ಬೇರೆ ಊರಲ್ಲಿದ್ದ ತನ್ನ ಮಗಳಿಗೆ ಕಾಗದ ಬರೆಸಿದ. ಬರೆದವನು ಏಣಿಯೇ. "ಮುಂದಿನ ತಿಂಗಳು ಒಂದನೇ ತಾರೀಕು ಬರುತ್ತೇನೆ. ಮಷಿನ್ನಿಗೆ ಒಂದು ಮೂಲೆ ಜಾಗ ಇದ್ದರೆ ಸಾಕು." ಬರೆಯುವುದನ್ನು ನಿಲ್ಲಿಸಿ ಏಣಿ ತಲೆಯೆತ್ತಿದ.

"ಯಾಕೆ ಹೋಗ್ತೀಯಾ ಅಜ್ಜಾ? ನೀನು ಹೊಡೆದಿಲ್ಲ ಅಂತ ನನಗೆ ಗೊತ್ತಲ್ಲ."

"ನಿನಗೆ ಗೊತ್ತು ಕಣೋ," ಅಂದ ಅಜ್ಜ. "ಆದ್ರೆ ನಿಮ್ಮಪ್ಪನಿಗೆ ಹೊಡೆದದ್ದು ಹೌದಲ್ಲ. ಅವನು ನನ್ನ ಮುಖ ನೋಡಿದಾಗೆಲ್ಲ ಅದೇ ನೆನಪಾದ್ರೆ, ದಿನಾ ಎದುರಿಗೆ ಯಾಕಿರಬೇಕು?"

ಅಜ್ಜಿಯನ್ನು ಕೇಳಿದರೆ, ತಾನು ಎಲ್ಲಿಗೂ ಬರುವುದಿಲ್ಲ, ಈ ವಯಸ್ಸಿನಲ್ಲಿ ಹೊಸ ಅಡಿಗೆಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ಹುಡುಕಲಾರೆ ಎಂದಳು. ಹಾಗೆಂದು ಅಜ್ಜನ ಬಟ್ಟೆಗಳಿಗೆ ಗುಂಡಿ ಸರಿಯಾಗಿದೆಯೇ ಎಂದು ಒಂದೊಂದನ್ನೂ ಎಳೆದು ನೋಡತೊಡಗಿದಳು. ಅವಳಿಗೆ ದುಃಖವಾಗಿತ್ತು, ಅದನ್ನು ಗುಂಡಿಗಳ ಮೇಲೆ ತೀರಿಸಿಕೊಳ್ಳುತ್ತಿದ್ದಳು.

ತಿರುವು ಬಂದದ್ದು ಮುಲಾಮು ಹಚ್ಚುವ ಹೊತ್ತಿನಲ್ಲಿ. ನಾಲ್ಕನೆಯ ವಾರದ ಒಂದು ಸಂಜೆ ರೇಡಿಯೋ ಅಣ್ಣನ ಬೆನ್ನಿನ ಹತ್ತಿರ ಮೂಗು ತಂದು ಎಣಿಸಿದಳು. "ಅಮ್ಮ, ಏಳು."

"ಐದು ಕಣೇ."

"ಏಳು. ಮೇಲೆ ಎರಡು ಹೊಸದು ಬಂದಿದೆ. ಬೇಕಿದ್ರೆ ನೀನೇ ಎಣಿಸು."

ಅಮ್ಮ ಎಣಿಸಿದಳು. ಏಳು. ಹೊಸವು ಇನ್ನೂ ತೆಳು, ಗುಲಾಬಿ ಬಣ್ಣ. ಟ್ಯೂಬನ್ನು ಕೆಳಗಿಟ್ಟು, ಊಟಕ್ಕೆ ಕೂತಿದ್ದ ಗಂಡನ ಮುಂದೆ ಹೋಗಿ ನಿಂತಳು.

"ರೀ, ಹುಡುಗ ಅಂಗಡಿಯೊಳಗೆ ಹೋಗಿ ತಿಂಗಳಾಗ್ತಾ ಬಂತು. ಎರಡು ಗೆರೆ ಜಾಸ್ತಿ ಆಗಿದೆ. ಈಗ ಯಾರನ್ನ ಹಿಡೀತೀರಾ? ನನ್ನನ್ನಾ, ನಿಮ್ಮನ್ನಾ?"

ಅಪ್ಪ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗಿಟ್ಟ. ಎದ್ದು ಬಂದು ತಾನೂ ಎಣಿಸಿದ. ಹೊರಗೆ ಮಷಿನ್ನಿನ ಸದ್ದು ನಿಂತಿತ್ತು. ಅಜ್ಜ ಕಿವಿಗೊಟ್ಟಿದ್ದನೆಂದು ಎಲ್ಲರಿಗೂ ಗೊತ್ತಾಯಿತು.

"ನಾಳೆ ರಜೆ ಹಾಕ್ತೀನಿ," ಅಂದ ಅಪ್ಪ.

ಡಾಕ್ಟರ ಹತ್ತಿರ ಅಪ್ಪ, ಅಮ್ಮ, ಏಣಿ ಹೊರಟರು. ಅಜ್ಜಿ ಯಾರೂ ಕರೆಯದಿದ್ದರೂ ಚಪ್ಪಲಿ ಮೆಟ್ಟಿ ಮುಂದೆ ನಡೆದಳು. ರೇಡಿಯೋ ಅಜ್ಜನ ಜೊತೆ ಉಳಿದಳು. ಬಸ್ಸನ್ನು ಬೇರೊಬ್ಬ ಓಡಿಸುತ್ತಿದ್ದರೆ ಅಪ್ಪನಿಗೆ ತಡೆಯುವುದಿಲ್ಲ. ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದ್ದ.

ಡಾಕ್ಟರ್ ನಡುವಯಸ್ಸಿನ ಹೆಂಗಸು, ಮಾತು ಮೆಲ್ಲಗೆ. ಮೊದಲು ಹುಡುಗನೊಬ್ಬನನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡರು.

"ನಮ್ಮನ್ನ ಯಾಕೆ ಹೊರಗಿಟ್ಟಿದ್ದು?" ಅಂದಳು ಅಜ್ಜಿ.

"ನಮ್ಮಲ್ಲಿ ಯಾರು ಹೊಡೆದ್ರು ಅಂತ ಕೇಳೋಕೆ," ಅಂದಳು ಅಮ್ಮ.

"ಕೇಳಲಿ. ಕೇಳೋದು ಒಳ್ಳೇದೇ," ಎಂದು ಅಜ್ಜಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ಹತ್ತು ನಿಮಿಷದ ಮೇಲೆ ಎಲ್ಲರನ್ನೂ ಕರೆದರು. ಏಣಿಯ ಮುಖ ಗೆಲುವಾಗಿತ್ತು. ಡಾಕ್ಟರ್ ಬೆನ್ನನ್ನು ಬೆಳಕಿಗೆ ಹಿಡಿದು ನೋಡಿದರು, ಬೆರಳಲ್ಲಿ ಒತ್ತಿದರು, ರಕ್ತದೊತ್ತಡ ನೋಡಿದರು, ತೂಕ ಮಾಡಿದರು. ಪ್ರಶ್ನೆಗಳ ಸರಮಾಲೆಯೇ ಶುರುವಾಯಿತು. ಮುಖ ಊದಿಕೊಂಡಿದೆಯೇ? ಮೆಟ್ಟಿಲು ಹತ್ತಲು ಸುಸ್ತೇ? ಸಣ್ಣದಾಗಿ ತಗುಲಿದರೂ ಮೈ ನೀಲಿಗಟ್ಟುತ್ತದೆಯೇ? ಒಮ್ಮೆಲೇ ದಪ್ಪಗಾಗಿದ್ದನೇ, ಸಣ್ಣಗಾಗಿದ್ದನೇ? ಜಿಮ್ಮಿಗೆ ಹೋಗಿ ಭಾರ ಎತ್ತುತ್ತಾನೆಯೇ, ಮೈ ಬೆಳೆಸುವ ಪುಡಿ ಗಿಡಿ ತಿನ್ನುತ್ತಾನೆಯೇ?

"ಬ್ರೆಡ್ಡು ತಿಂತಾನೆ," ಅಂದಳು ಅಜ್ಜಿ. "ನಾವು ಬಿಡಿಸ್ಕೊಳ್ಳದೇ ಇದ್ರೆ ಡಬ್ಬಾನೂ ತಿಂತಾನೆ."

"ಮೈಗೆ ಏನಾದ್ರೂ ಹಚ್ತಿದೀರಾ?"

ಅಮ್ಮ ಕೈಚೀಲದಿಂದ ಟ್ಯೂಬು ತೆಗೆದಳು. ಡಾಕ್ಟರ್ ಅದರ ಮೇಲಿನ ಹೆಸರು ಓದಿ ಅದನ್ನು ವಾಪಸ್ಸು ಕೊಡಲಿಲ್ಲ.

"ಇದು ತುರಿಕೆಗೆ ಕೊಡೋ ಸ್ಟೀರಾಯ್ಡ್ ಮುಲಾಮು. ಕೇಳದೆ ವಾರಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗುತ್ತೆ. ಇದರಿಂದಲೇ ಇಂಥ ಗೆರೆ ಬರೋದೂ ಉಂಟು."

"ಅಯ್ಯೋ, ನಾನೇ ಹಚ್ಚಿ ಹಚ್ಚಿ," ಎಂದು ಅಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಗೆರೆ ಮೊದಲೇ ಇತ್ತಲ್ಲಮ್ಮ, ನೀವು ತಂದದ್ದಲ್ಲ. ಇನ್ನು ಹಚ್ಚಬೇಡಿ, ಅಷ್ಟೇ. ಇವನು ಒಂದು ವರ್ಷದಲ್ಲಿ ಎಷ್ಟು ಉದ್ದ ಆಗಿದಾನೆ, ಯಾರಿಗಾದ್ರೂ ಗೊತ್ತಾ?"

ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏಣಿಯೇ ಪಟಪಟನೆ ಹೇಳಿದ. "ಹೋದ ವರ್ಷ ಪ್ಯಾಂಟಿನ ಉದ್ದ ಮೂವತ್ತಾರೂವರೆ, ಈಗ ನಲವತ್ತು. ಶರ್ಟು ಇಪ್ಪತ್ತಾರು ಇದ್ದದ್ದು ಇಪ್ಪತ್ತೆಂಟೂವರೆ. ಸೊಂಟ ಮಾತ್ರ ಅಷ್ಟೇ ಇದೆ. ನಾನೇ ಬರೆದದ್ದು, ಅಜ್ಜ ಅಳೆದದ್ದು."

ಡಾಕ್ಟರ್ ಪೆನ್ನು ಕೆಳಗಿಟ್ಟು ನಕ್ಕರು. "ನಿಮ್ಮಜ್ಜ ನನ್ನ ಕೆಲಸ ಅರ್ಧ ಮುಗಿಸಿದಾರೆ. ನೋಡಿ, ಮೂಳೆಗೆ ಬೆಳೆಯೋ ಅವಸರ, ಚರ್ಮಕ್ಕೆ ಅಷ್ಟು ಅವಸರ ಇಲ್ಲ. ಮೇಲಿನ ಪದರ ಹಿಗ್ಗುತ್ತೆ, ಒಳಗಿನದು ಅಲ್ಲಲ್ಲಿ ಬಿರಿಯುತ್ತೆ. ಬೇಗ ಉದ್ದ ಆಗೋ ಹುಡುಗರಿಗೆ ಬೆನ್ನ ಮೇಲೆ ಹೀಗೆ ಅಡ್ಡಡ್ಡ ಗೆರೆ ಬೀಳುತ್ತೆ. ಎಷ್ಟೋ ಜನ ಏಟು ಅಂತಲೇ ತಿಳ್ಕೋತಾರೆ."

"ಅಂದ್ರೆ ಒಳಗಿನ ಲೈನಿಂಗ್ ಹರಿದಿದೆ, ಮೇಲಿನ ಬಟ್ಟೆ ಗಟ್ಟಿಯಾಗಿದೆ," ಅಂದಳು ಅಜ್ಜಿ.

"ಅದೇ ಅಜ್ಜಿ. ನೋವಿಲ್ಲ, ಅಪಾಯ ಇಲ್ಲ. ಈಗ ಕೆಂಪು, ಒಂದೆರಡು ವರ್ಷದಲ್ಲಿ ಬೆಳ್ಳಗಾಗುತ್ತೆ. ಪೂರ್ತಿ ಮಾಯ ಆಗಲ್ಲ, ಆದ್ರೆ ಯಾರ ಕಣ್ಣಿಗೂ ಬೀಳಲ್ಲ. ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಇತ್ತಾ? ಇದು ವಂಶದಲ್ಲೂ ಬರುತ್ತೆ."

ಅಮ್ಮ ಗಂಡನನ್ನು ನೋಡಿದಳು. ಅಪ್ಪ ಕಿಟಕಿಯನ್ನು ನೋಡಿದ.

"ಇವರ ಬೆನ್ನ ಮೇಲಿದೆ ಡಾಕ್ಟ್ರೇ," ಅಂದಳು ಅಮ್ಮ. "ಬೆಳ್ಳಗೆ. ಆದ್ರೆ ಅದು ಬೇರೆ."

"ಬೇರೆನಾ? ತೋರಿಸಿ ನೋಡೋಣ."

ಅಪ್ಪ ಬೇಡವೆಂದ. ಅಜ್ಜಿ ಕೇಳುತ್ತಾಳೆಯೇ? ನಲವತ್ತೈದು ವರ್ಷದ ಮಗನನ್ನು ನಾಲ್ಕು ವರ್ಷದವನಂತೆ ತಿರುಗಿಸಿ ನಿಲ್ಲಿಸಿ ಶರ್ಟು ಮೇಲಕ್ಕೆತ್ತಿದಳು. ಡಾಕ್ಟರ್ ಅಪ್ಪನ ಬೆನ್ನು ನೋಡಿದರು, ಏಣಿಯ ಬೆನ್ನು ನೋಡಿದರು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರು. ಅದೇ ಜಾಗ, ಅದೇ ಅಡ್ಡ ಗೆರೆ, ಅದೇ ಅಂತರ.

"ಇದು ಹೇಗಾಯ್ತು ಅಂದ್ಕೊಂಡಿದೀರಿ?"

"ಏಟು," ಅಂದ ಅಪ್ಪ. "ಹದಿನಾಲ್ಕು ವರ್ಷದಲ್ಲಿ. ಮರದ ಕೋಲಲ್ಲಿ."

"ಎಷ್ಟು ಏಟು?"

ಅಪ್ಪ ಶರ್ಟು ಕೆಳಗೆ ಎಳೆದುಕೊಂಡ. "ಒಂದು."

"ಒಂದೇ ಏಟಿಗೆ ಆರು ಗೆರೆ?"

ಅಪ್ಪ ಕೈ ಹಿಂದಕ್ಕೆ ಚಾಚಿ ಬೆನ್ನು ಮುಟ್ಟಿ ನೋಡಿಕೊಂಡ. ಆಮೇಲೆ ಡಾಕ್ಟರ್ ಮೆಲ್ಲಗೆ ಅಂದರು, "ಏಟು ಬಿದ್ದದ್ದು ನಿಜ ಇರಬಹುದು. ಈ ಗೆರೆ ಅದರದ್ದಲ್ಲ. ಆ ವರ್ಷ ನೀವೂ ಉದ್ದ ಆಗಿರ್ತೀರಿ."

"ಆಗಿದ್ನಾ ಅಂತ ಕೇಳ್ತೀರಾ?" ಅಂದಳು ಅಜ್ಜಿ. ದನಿ ನಡುಗುತ್ತಿತ್ತು, ಆದರೂ ಬಾಯಿ ಸುಮ್ಮನಿರಲಿಲ್ಲ. "ಬಾಗಿಲಿಗೆ ತಲೆ ಹೊಡ್ಕೊಂಡು ಹೊಡ್ಕೊಂಡು ಹಣೆ ಬುಗುಟು ಎದ್ದಿತ್ತು."

ಮೇಷ್ಟ್ರಿಗೆ ಪತ್ರ ಬರೆಸಿಕೊಂಡು ಹೊರಟರು. ಬಸ್ಸಿನಲ್ಲಿ ಏಣಿ ತನ್ನ ಪಕ್ಕ ಕೂತ ಅಪ್ಪನನ್ನು ಮೊಣಕೈಯಿಂದ ತಿವಿದ. "ಹಾಗಾದ್ರೆ ಇದು ನೀನು ಕೊಟ್ಟದ್ದು."

"ಏನು?"

"ಗೆರೆ. ವಂಶದಲ್ಲಿ ಬರುತ್ತೆ ಅಂದ್ರಲ್ಲ. ಬೇರೆ ಏನಾದ್ರೂ ಕೊಡಬಾರದಿತ್ತಾ, ಒಂದು ಸೈಕಲ್ಲು ಥರ?"

ಅಪ್ಪನಿಗೆ ನಗು ಬಂತು. ತಿಂಗಳಿಂದ ಆ ಮುಖದ ಮೇಲೆ ನಗು ಇರಲಿಲ್ಲ. ಮುಂದಿನ ಸೀಟಿನಲ್ಲಿದ್ದ ಅಮ್ಮ ಅದನ್ನು ನೋಡಲೆಂದೇ ಹಿಂದಕ್ಕೆ ತಿರುಗಿ ಕೂತಳು.

ಮನೆಗೆ ಬಂದಾಗ ಅಜ್ಜ ಅಂಗಡಿಯಲ್ಲಿ ಪೆಟ್ಟಿಗೆಗೆ ಕತ್ತರಿಗಳನ್ನು ತುಂಬುತ್ತಿದ್ದ. ಒಂದನೇ ತಾರೀಕಿಗೆ ಮೂರು ದಿನ ಇತ್ತು. ಅಪ್ಪ ಒಳಗೆ ಹೋಗಲಿಲ್ಲ, ಅಂಗಡಿಯಲ್ಲೇ ನಿಂತ. ಅಜ್ಜ ತಲೆಯೆತ್ತಿ, ಕರೆಂಟು ಹೋಯಿತೇನೋ ಎಂದು ದೀಪ ನೋಡಿದ. ದೀಪ ಉರಿಯುತ್ತಿತ್ತು.

"ಹುಡುಗನಿಗೆ ಏನೂ ಆಗಿಲ್ಲ. ಬೆಳೀತಿದಾನೆ, ಅಷ್ಟೇ," ಅಂದ ಅಪ್ಪ. "ನನ್ನದೂ ಅದೇ ಅಂತೆ. ನನ್ನ ಬೆನ್ನಿನದು. ಕೋಲಿನ ಗುರುತಲ್ಲವಂತೆ."

ಅಜ್ಜ ಗಿರಾಕಿಗಳ ಸ್ಟೂಲಿನ ಮೇಲೆ ಕೂತುಬಿಟ್ಟ. ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.

"ನೀನು ಸ್ನಾನ ಮಾಡಿ ಬಂದಾಗೆಲ್ಲ ನೋಡ್ತಿದ್ದೆ," ಅಂದ. "ಒಂದು ಏಟು ಹೊಡೆದ ನೆನಪು, ಆರು ಗೆರೆ ಕಾಣೋದು. ನನಗೇ ನೆನಪು ತಪ್ಪಿದೆ, ಆರು ಹೊಡೆದಿದೀನಿ ಅಂತಲೇ ಅಂದ್ಕೊಂಡೆ. ಇಷ್ಟು ವರ್ಷ ಆರು ಅಂತಲೇ ಅಂದ್ಕೊಂಡಿದ್ದೆ."

ತನ್ನ ಬೆನ್ನನ್ನು ತನಗಿಂತ ಹೆಚ್ಚಾಗಿ ಇನ್ನೊಬ್ಬ ನೋಡಿ ನೋಡಿ ಕೊರಗಿದ್ದಾನೆಂದು ಅಪ್ಪ ಎಣಿಸಿಯೇ ಇರಲಿಲ್ಲ. ಕಣ್ಣು ತುಂಬಿ ಬಂತು.

"ತಪ್ಪು ತಿಳ್ಕೊಂಡೆ ಅಪ್ಪ. ಹುಡುಗನ ವಿಷಯದಲ್ಲೂ."

"ಇರು," ಅಂದ ಅಜ್ಜ. "ಗೆರೆ ನನ್ನದಲ್ಲ, ಸರಿ. ಏಟು ನನ್ನದೇ. ಅದನ್ನ ಡಾಕ್ಟರು ಬಂದು ಅಳಿಸೋಕಾಗಲ್ಲ. ತಪ್ಪಾಯ್ತು ಕಣೋ. ಆವತ್ತೇ ಹೇಳಬೇಕಿತ್ತು."

ಅಪ್ಪ ತಲೆಯಾಡಿಸಿದ. "ನೋವಾಗಿತ್ತು," ಅಂದ. ಪೆಟ್ಟಿಗೆಯಿಂದ ಒಂದು ಕತ್ತರಿ ತೆಗೆದು ನೋಡುತ್ತ, "ಕೋಟು ಸುಟ್ಟದ್ದೂ ನಿಜ," ಅಂದ.

"ಅಂಗೈ ಅಗಲ. ಸರಿಯಾಗಿ ಎದೆಯ ಮೇಲೆ."

"ಆ ಮನುಷ್ಯ ಏನಂದ ಆಮೇಲೆ?"

ಅಜ್ಜನ ಮುಖದ ಮೇಲೆ ಒಂದು ತುಂಟತನ ಬಂದು ಕೂತಿತು. "ಏನೂ ಅನ್ನಲಿಲ್ಲ. ಆ ತೂತಿನ ಮೇಲೆ ಒಂದು ಜೇಬು ಹೊಲಿದುಬಿಟ್ಟೆ, ಮುಚ್ಚಳ ಇಟ್ಟು, ಗುಂಡಿ ಹಾಕಿ. ಹೊಸ ಮಾದರಿ ಅಂತ ಹೇಳಿದೆ. ಅವನಿಗೆ ಎಷ್ಟು ಹಿಡಿಸ್ತು ಅಂದ್ರೆ, ಅಣ್ಣ ತಮ್ಮಂದಿರು ಮೂವರನ್ನ ಕರ್ಕೊಂಡು ಬಂದ, ಎಲ್ಲರಿಗೂ ಅದೇ ಜೇಬು ಬೇಕು ಅಂತ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ನೀನು ಮಾತು ಬಿಟ್ಟಿದ್ದೆಯಲ್ಲ."

ಅಪ್ಪ ಕತ್ತರಿಗಳ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹತ್ತಿ ಕೂತ. ಕಾಲು ಇಳಿಬಿಟ್ಟ. "ಈಗ ಮಾತಾಡ್ತಿದೀನಲ್ಲ. ಮೊದಲಿಂದ ಹೇಳು. ಆ ಮೂವರಿಗೂ ತೂತಿಲ್ಲದ ಜಾಗದಲ್ಲಿ ಜೇಬು ಹೊಲಿದೆಯಾ?"

ಅಜ್ಜ ಮೊದಲಿಂದ ಹೇಳತೊಡಗಿದ. ಒಳಗಿನಿಂದ ಅಮ್ಮ ಊಟಕ್ಕೆ ಎರಡು ಸಲ ಕೂಗಿದಳು, ಅಜ್ಜಿ ಒಂದು ಸಲ ಕೂಗಿದಳು. ಇಬ್ಬರೂ ಬರಲಿಲ್ಲ. ಕೊನೆಗೆ ರೇಡಿಯೋ ಹೋಗಿ ಇಣುಕಿ ಬಂದು, ಅವರು ಈಗ ಎರಡನೇ ತಮ್ಮನ ಕೋಟಿನಲ್ಲಿದ್ದಾರೆ, ಇನ್ನೂ ಒಬ್ಬ ಬಾಕಿ ಇದ್ದಾನೆ ಎಂದು ವರದಿ ಮಾಡಿದಳು. ಅಮ್ಮ ಒಲೆ ಸಣ್ಣದು ಮಾಡಿ ಆರು ತಟ್ಟೆಗೂ ಒಟ್ಟಿಗೇ ಬಡಿಸಿದಳು, ಎಲ್ಲರೂ ತಟ್ಟೆ ಹಿಡಿದುಕೊಂಡು ಅಂಗಡಿಗೆ ಹೋದರು.